ಅರೆಮದ್ದಿನಿಂದ ಕ್ರಿಮಿಗೆ ಗೂಡು: ಕೆಚ್ಚಲು ಬಾವಿನ ಒಂದು ಪಾಠ



ಉತ್ತರಹಳ್ಳಿ ಹೋಬಳಿಯಲ್ಲಿ ಇಂದು ಹೊಲಕ್ಕಿಂತ ಮನೆ ಹೆಚ್ಚು. ರಾಗಿ ಬೆಳೆಯುತ್ತಿದ್ದ ಎಷ್ಟೋ ತಾಕುಗಳು ಬಡಾವಣೆಗಳಾಗಿವೆ. ಆದರೂ ತಲಘಟ್ಟಪುರ, ಕಗ್ಗಲೀಪುರ, ತರಳು ಕಡೆಯ ಹಳ್ಳಿಗಳಲ್ಲಿ ಹೊಲ ಕಳೆದುಕೊಂಡವನಿಗೂ ಕೊಟ್ಟಿಗೆಯ ಎರಡು ಸೀಮೆಹಸು ಆಧಾರವಾಗಿ ನಿಂತಿವೆ. ೧೯೬೫ರಲ್ಲಿ ಬೆಂಗಳೂರು ಡೈರಿ ಆರಂಭವಾದ ಮೇಲೆ ಹಾಲು ಮನೆಖರ್ಚಿನ ವಸ್ತುವಾಗಿ ಉಳಿಯದೆ ಕೈಗೆ ಕಾಸು ತರುವ ಬೆಳೆಯಾಯಿತು. ಆದ್ದರಿಂದ ಹಸುವಿನ ಒಂದು ಮೊಲೆ ಕೆಟ್ಟಿತೆಂದರೆ ಹೊಲದ ಕಾಲುಭಾಗ ಒಣಗಿದಂತೆಯೇ ಸರಿ.

ಈ ಸಂಚಿಕೆಯ ಪಾಠ ಅದರ ಬಗೆಗೆ. ನಾನು ಪಶುವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದ ಗ್ರಾಮಸೇವಕ. ಯಾವ ರೋಗಕ್ಕೆ ಯಾವ ಮದ್ದು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬರೆದುಕೊಟ್ಟ ಮದ್ದನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ಪುಸ್ತಕ ನೋಡುವ ಮೊದಲೇ ನಮ್ಮ ಕೊಟ್ಟಿಗೆಯಲ್ಲಿ ಅದನ್ನು ಕಲಿತೆ.

ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದೆ ನಮ್ಮ ಮನೆಯ ಹಸು ಗೌರಿಗೆ ಹಿಂದಿನ ಎಡಮೊಲೆಯಲ್ಲಿ ಬಾವು ಕಾಣಿಸಿತು. ಕೆಚ್ಚಲು ಬಿಸಿಯಾಗಿತ್ತು, ಹಾಲಿನಲ್ಲಿ ಮೊಸರಿನ ಚೂರಿನಂಥ ಗೆಡ್ಡೆಗಳು ಬಂದವು. ಪಶುವೈದ್ಯರು ಬಂದು ನೋಡಿ, ಐದು ದಿನ ಔಷಧ ಮಾಡಬೇಕು, ಔಷಧ ನಿಂತ ಮೇಲೆ ಅವರು ಹೇಳುವವರೆಗೆ ಹಾಲನ್ನು ಸೊಸೈಟಿಗೆ ಹಾಕಕೂಡದು ಎಂದು ಚೀಟಿ ಬರೆದುಕೊಟ್ಟರು.

ಎರಡನೆಯ ದಿನ ಸಂಜೆಗೇ ಊತ ಇಳಿಯಿತು. ನಮ್ಮವ್ವ, "ಹಾಲು ಬೆಳ್ಳಗಾಯ್ತಲ್ಲಪ್ಪ, ಇನ್ಯಾಕೆ ಸೂಜಿ? ದನಕ್ಕೂ ನೋವು, ಕಾಸಿಗೂ ನೋವು" ಎಂದಳು. ಕಲಿತವನು ನಾನು, ಬೇಡವೆನ್ನಬೇಕಾಗಿತ್ತು. ಹಾಲು ಚೆಲ್ಲುವ ನಷ್ಟ ತಪ್ಪುತ್ತದೆಂದು ನಾನೂ ಹೂಂಗುಟ್ಟಿದೆ. ಉಳಿದ ಮದ್ದನ್ನು ಮುಂದಕ್ಕೆ ಬೇಕಾದೀತೆಂದು ಗೂಡಿನಲ್ಲಿ ಎತ್ತಿಟ್ಟೆ.

ಇಪ್ಪತ್ತು ದಿನಕ್ಕೆ ಅದೇ ಮೊಲೆಗೆ ಬಾವು ತಿರುಗಿ ಬಂತು. ಎತ್ತಿಟ್ಟಿದ್ದ ಮದ್ದು ಹಾಕಿದೆ; ಮತ್ತೆ ಇಳಿಯಿತು. ಮೂರನೆಯ ಸಲ ಬಂದಾಗ ವೈದ್ಯರು ಪೂರ್ತಿ ಚಿಕಿತ್ಸೆ ಮಾಡಿದರೂ ಪ್ರಯೋಜನವಾಗಲಿಲ್ಲ. ಆ ಭಾಗ ಕಲ್ಲಿನಂತೆ ಗಟ್ಟಿಯಾಗಿ ಬತ್ತಿಹೋಯಿತು. ಗೌರಿ ಈಗ ಮೂರು ಮೊಲೆಯ ಹಸು. ಮೂರು ದಿನದ ಹಾಲನ್ನು ಉಳಿಸಲು ಹೋಗಿ ಹಸುವಿನ ಆಯುಷ್ಯದುದ್ದಕ್ಕೂ ಕಾಲುಭಾಗದ ಹಾಲನ್ನು ಕಳೆದುಕೊಂಡೆ. "ಮದ್ದು ಮೊದಲು ಕೆಲಸ ಮಾಡಿತಲ್ಲ, ಆಮೇಲೆ ಏಕೆ ಮಾಡಲಿಲ್ಲ?" ಎಂದು ಆಗ ಕೇಳಿ ಓದಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೋಳೆಗೂಡು ಎಂದರೇನು?

ದನ ನೀರು ಕುಡಿಯುವ ಕಲ್ಲುತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ನಾಲ್ಕು ದಿನ ಉಜ್ಜದಿದ್ದರೆ ಜಾರುವ ಲೋಳೆ ಕೈಗೆ ಹತ್ತುತ್ತದೆ. ನೀರು ತುಳುಕಿಸಿದರೆ ಅದು ಹೋಗುವುದಿಲ್ಲ; ನಾರಿನಿಂದ ತಿಕ್ಕಬೇಕು. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲಿರುವ ಪಾಚಿಯೂ ಇದೇ ಜಾತಿಯದು. ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ತಾನೇ ಉಜ್ಜಿ ಮಾಡಿದ ಗಾಜಿನ ಬಿಲ್ಲೆಯ ಮೂಲಕ ಹದಿನೇಳನೆಯ ಶತಮಾನದಲ್ಲಿಯೇ ಹಲ್ಲಿನ ಪಾಚಿಯಲ್ಲಿ ಓಡಾಡುವ ಸಣ್ಣ ಜೀವಿಗಳನ್ನು ಕಂಡಿದ್ದನು.

ಕಣ್ಣಿಗೆ ಕಾಣದ ಈ ಕ್ರಿಮಿಗಳಿಗೆ ಬ್ಯಾಕ್ಟೀರಿಯ ಎಂದು ಹೆಸರು. ಅವು ಎರಡು ರೀತಿಯಲ್ಲಿ ಬಾಳುತ್ತವೆ. ಒಂದು, ಒಂಟೊಂಟಿಯಾಗಿ ತೇಲಾಡಿಕೊಂಡಿರುವುದು. ಎರಡು, ಯಾವುದಾದರೂ ಮೈಗೆ ಅಂಟಿಕೊಂಡು, ತಮ್ಮ ಸುತ್ತ ಅಂಟನ್ನು ಸುರಿಸಿ, ಆ ಅಂಟಿನೊಳಗೆ ಗುಂಪಾಗಿ ಒಕ್ಕಲು ಹೂಡುವುದು. ಈ ಎರಡನೆಯದನ್ನು ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ನಾವು ಈ ಪಾಠದಲ್ಲಿ ಲೋಳೆಗೂಡು ಎನ್ನೋಣ.

ಬಯಲಿನಲ್ಲಿರುವ ಇಲಿಯನ್ನು ಹೊಡೆಯುವುದು ಸುಲಭ. ಬಿಲದೊಳಗಿನ ಇಲಿಯನ್ನು ಹೊಡೆಯುವುದು ಕಷ್ಟ. ಲೋಳೆಗೂಡಿನ ಕ್ರಿಮಿಯೂ ಹಾಗೆಯೇ. ಅದಕ್ಕೆ ಕಾರಣಗಳು ಮೂರು.

೧. ಅಂಟಿನ ಪದರದೊಳಗೆ ಕೆಲವು ಔಷಧಗಳು ನಿಧಾನವಾಗಿ ಇಳಿಯುತ್ತವೆ. ಒಳಗಿನ ಪದರಕ್ಕೆ ಮುಟ್ಟುವ ಹೊತ್ತಿಗೆ ಅವುಗಳ ಬಲ ಕುಗ್ಗಿರುತ್ತದೆ.

೨. ಗೂಡಿನ ಒಳಭಾಗದಲ್ಲಿ ಆಹಾರ ಮತ್ತು ಗಾಳಿ ಕಡಿಮೆ. ಅಲ್ಲಿಯ ಕ್ರಿಮಿಗಳು ಬೆಳೆಯುವುದನ್ನು ನಿಲ್ಲಿಸಿ ಮಲಗಿದಂತೆ ಇರುತ್ತವೆ. ಪೆನಿಸಿಲಿನ್ ಜಾತಿಯ ಮದ್ದು ಕ್ರಿಮಿ ಬೆಳೆಯುತ್ತ ತನ್ನ ಹೊರಗೋಡೆ ಕಟ್ಟಿಕೊಳ್ಳುವಾಗ ಆ ಕೆಲಸವನ್ನು ಕೆಡಿಸಿ ಕೊಲ್ಲುವಂಥದು. ಗೋಡೆ ಕಟ್ಟದೆ ಮಲಗಿದವನನ್ನು ಅದು ಏನು ಮಾಡೀತು?

೩. ಹಸುವಿನ ರಕ್ತದಲ್ಲಿರುವ ಬಿಳಿಯ ಕಣಗಳು ಒಂಟಿ ಕ್ರಿಮಿಯನ್ನು ನುಂಗಬಲ್ಲವು. ಅಂಟಿನ ರಾಶಿಯನ್ನು ನುಂಗಲಾರವು.

ಈ ಕಾರಣಗಳಿಂದ, ತೇಲಾಡುವ ಕ್ರಿಮಿಯನ್ನು ಕೊಲ್ಲುವ ಪ್ರಮಾಣಕ್ಕಿಂತ ಹತ್ತು ಪಾಲು, ನೂರು ಪಾಲು, ಕೆಲವು ವೇಳೆ ಸಾವಿರ ಪಾಲು ಮದ್ದನ್ನು ಲೋಳೆಗೂಡು ತಡೆದುಕೊಂಡದ್ದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಅಷ್ಟು ಮದ್ದನ್ನು ಯಾವ ಹಸುವಿಗೂ ಕೊಡಲಾಗದು.

ಕೆಚ್ಚಲು ಬಾವನ್ನು ತರುವ ಕ್ರಿಮಿಗಳಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬುದು ಬಹಳ ಹಟಮಾರಿ. ಬಾವು ಬಂದ ಹಸುಗಳ ಹಾಲಿನಿಂದ ತೆಗೆದ ಇದರ ತಳಿಗಳಲ್ಲಿ ಅನೇಕವು ಲೋಳೆಗೂಡು ಕಟ್ಟಬಲ್ಲವು. ಇದು ಕೆಚ್ಚಲಿನ ಮಾಂಸದೊಳಗೆ ಸಣ್ಣ ಕೀವುಗಂಟುಗಳಲ್ಲಿಯೂ ಅಡಗುತ್ತದೆ. ಹಾಲು ಬೆಳ್ಳಗಾಯಿತೆಂದರೆ ತೇಲಾಡುವ ಕ್ರಿಮಿ ಕಡಿಮೆಯಾಯಿತೆಂದು ಅರ್ಥ. ಅಡಗಿದವು ಸತ್ತವೆಂದು ಅರ್ಥವಲ್ಲ.

ಅರೆಮದ್ದು ಕ್ರಿಮಿಗೆ ಹೇಗೆ ನೆರವಾಗುತ್ತದೆ?

ಸ್ವಲ್ಪ ಮದ್ದು ಸ್ವಲ್ಪವಾದರೂ ಗುಣ ಮಾಡೀತು, ಕೆಡುಕೇನೂ ಇಲ್ಲವಲ್ಲ ಎಂದು ನಾವು ನಂಬಿದ್ದೇವೆ. ಈ ನಂಬಿಕೆಯೇ ತಪ್ಪು. ಕೊಲ್ಲಲು ಸಾಲದಷ್ಟು ಮದ್ದು ಕೆಲವು ಕ್ರಿಮಿಗಳನ್ನು ಗೂಡು ಕಟ್ಟುವಂತೆ ಪ್ರೇರೇಪಿಸುತ್ತದೆ.

೨೦೦೫ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಟೋಬ್ರಾಮೈಸಿನ್ ಎಂಬ ಮದ್ದನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿ ಬೆರೆಸಿ ನೋಡಿದರು. ಇದು ನಮ್ಮ ದನಗಳಿಗೆ ಹಾಕುವ ಜೆಂಟಾಮೈಸಿನ್ನಿನ ದಾಯಾದಿ. ಸೂಡೊಮೊನಾಸ್ ಮತ್ತು ಈ-ಕೋಲಿ ಎಂಬ ಎರಡು ಜಾತಿಯ ಕ್ರಿಮಿಗಳೂ ಮೊದಲಿಗಿಂತ ಹೆಚ್ಚು ಲೋಳೆಗೂಡು ಕಟ್ಟಿದವು. ಮದ್ದಿನ ವಾಸನೆ ಹತ್ತಿದ ಕೂಡಲೆ, ಮಳೆಯ ಮೋಡ ಕಂಡ ರೈತ ಹುಲ್ಲು ಒಟ್ಟುವಂತೆ, ಅವು ಎಚ್ಚೆತ್ತು ಮರೆಯನ್ನು ಸಿದ್ಧಪಡಿಸಿಕೊಂಡವು.

೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಸ್ಟೆಫಿಲೊಕಾಕಸ್ ಆರಿಯಸ್ ಮೇಲೆ ನಡೆಯಿತು. ಪೆನಿಸಿಲಿನ್ ಕುಟುಂಬದ ಮದ್ದುಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ತಳಿಗಳಲ್ಲಿ ಲೋಳೆಗೂಡು ಬಹುವಾಗಿ ಹೆಚ್ಚಿತು. ಕಾರಣವನ್ನೂ ಅವರು ಕಂಡುಹಿಡಿದರು. ಪ್ರತಿಯೊಂದು ಜೀವಕಣದಲ್ಲಿಯೂ ವಂಶದ ಗುಣವನ್ನು ಹೊತ್ತ ಉದ್ದನೆಯ ನೂಲು ಇರುತ್ತದೆ, ಇದಕ್ಕೆ ಡಿ.ಎನ್.ಎ. ಎಂದು ಹೆಸರು. ಮದ್ದು ಕಡಿಮೆಯಾದಾಗ ಕೆಲವೇ ಕ್ರಿಮಿಗಳು ಒಡೆದು ಈ ನೂಲು ಹೊರಕ್ಕೆ ಚೆಲ್ಲುತ್ತದೆ. ಬದುಕಿ ಉಳಿದವು ಅದನ್ನೇ ಹಿಡಿದು ಗೂಡು ಬಿಗಿಯುತ್ತವೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸಿದರೆ ಬಿರುಕು ಬಿಡದೆ ಹಿಡಿದು ನಿಲ್ಲುವುದಿಲ್ಲವೆ? ಹಾಗೆ ಸತ್ತವರ ನೂಲೇ ಬದುಕಿದವರ ಗೋಡೆಗೆ ಹುಲ್ಲಾಗುತ್ತದೆ. ಮದ್ದು ಪೂರ್ಣವಾಗಿದ್ದರೆ ಗೋಡೆ ಕಟ್ಟಲು ಯಾರೂ ಉಳಿಯುವುದಿಲ್ಲ.

ಈ ಪ್ರಯೋಗಗಳು ನಡೆದದ್ದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ. ಎಲ್ಲ ತಳಿಯೂ ಹೀಗೆ ಮಾಡುವುದಿಲ್ಲ; ಬಾವು ತಿರುಗಿ ಬರುವುದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಅರೆಮದ್ದು ನಿರಪಾಯವೆಂಬ ಮಾತನ್ನು ಇವು ಅಲ್ಲಗಳೆದಿವೆ.

ಅರೆಮದ್ದಿನಿಂದ ಇನ್ನೊಂದು ಕೇಡು ಇದೆ. ಒಳ್ಳೆಯ ಆಹಾರ ಸಿಕ್ಕಿದರೆ ಕ್ರಿಮಿ ಅರ್ಧ ಗಂಟೆಗೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿರಿ: ಹತ್ತು ಗಂಟೆಯಲ್ಲಿ ಒಂದರಿಂದ ಹತ್ತು ಲಕ್ಷಕ್ಕೆ ಮೇಲಾಗುತ್ತದೆ. ಮೆತ್ತಗಿನವು ಸತ್ತು ಗಟ್ಟಿ ತಳಿ ಮಾತ್ರ ಉಳಿದರೆ ಹೊಲವೆಲ್ಲ ಆ ಕಳೆಯದೇ ಆಯಿತು. ೧೯೨೮ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದನು. ಗಂಟಲು ನೋವಿಗೆ ಒಬ್ಬನು ಸಾಲದಷ್ಟು ಪೆನಿಸಿಲಿನ್ ತೆಗೆದುಕೊಳ್ಳುತ್ತಾನೆ. ಅವನ ಕ್ರಿಮಿಗಳು ಸಾಯದೆ ಮದ್ದನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಹತ್ತುತ್ತವೆ. ಅವಳಿಗೆ ನ್ಯುಮೋನಿಯ ಬಂದಾಗ ಮದ್ದು ಹಿಡಿಯದೆ ಸಾಯುತ್ತಾಳೆ. ಇದು ಅವನು ಕಲ್ಪಿಸಿ ಹೇಳಿದ ಕಥೆ. ಹಸುವಿನ ಕೆಚ್ಚಲಿನಿಂದ ಕರೆಯುವವರ ಕೈಗೆ, ಅಲ್ಲಿಂದ ಮಗುವಿನ ಗಾಯಕ್ಕೆ ಕ್ರಿಮಿ ಹೋಗಬಲ್ಲುದೆಂದು ನೆನೆದರೆ ಆ ಕಥೆ ನಮಗೆ ದೂರದ್ದಲ್ಲ.

ಗೊತ್ತಿಲ್ಲದೆಯೇ ಅರೆಮದ್ದು ಹಾಕುವ ಬಗೆಗಳು

೧. ಊತ ಇಳಿದ ದಿನವೇ ಮದ್ದು ನಿಲ್ಲಿಸುವುದು.

೨. ಒಂದು ಮೊಲೆಗೆ ಹಾಕಬೇಕಾದ ಟ್ಯೂಬನ್ನು ಎರಡು ಮೊಲೆಗೆ ಹಂಚುವುದು.

೩. ಕೆಚ್ಚಲಿನ ಹಾಲನ್ನು ಪೂರ್ತಿ ಹಿಂಡದೆ ಟ್ಯೂಬು ಹಾಕುವುದು. ಉಳಿದ ಹಾಲಿನಲ್ಲಿ ಮದ್ದು ತೆಳುವಾಗುತ್ತದೆ.

೪. ಬಿಸಿಲು ತಾಗುವ ಗೂಡಿನಲ್ಲಿಟ್ಟ, ದಿನಾಂಕ ಮೀರಿದ, ಅಥವಾ ನೆರೆಯವರ ಮನೆಯಲ್ಲಿ ಉಳಿದ ಮದ್ದನ್ನು ಬಳಸುವುದು.

೫. ಮದ್ದು ಹಾಕಿದ ಹಸುವಿನ ಹಾಲನ್ನು ಕರುವಿಗೆ ಕುಡಿಸುವುದು. ಕರುವಿನ ಹೊಟ್ಟೆಯ ಕ್ರಿಮಿಗಳಿಗೆ ಅದೇ ದಿನವೂ ಅರೆಮದ್ದು.

೬. ಹಸುವಿನ ತೂಕವನ್ನು ಕಣ್ಣಂದಾಜಿನಲ್ಲಿ ಕಡಿಮೆ ಹೇಳುವುದು.

ಈ ಕೊನೆಯದಕ್ಕೆ ಒಂದು ಲೆಕ್ಕ ಕಲಿಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದವನ್ನೂ ಅಂಗುಲದಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ೬೬೦ರಿಂದ ಭಾಗಿಸಿರಿ. ಬಂದದ್ದು ಸುಮಾರು ಕಿಲೋ ತೂಕ. ಸುತ್ತಳತೆ ೭೦ ಅಂಗುಲ, ಉದ್ದ ೬೦ ಅಂಗುಲ ಇದ್ದರೆ: ೭೦ × ೭೦ × ೬೦ = ೨,೯೪,೦೦೦; ಇದನ್ನು ೬೬೦ರಿಂದ ಭಾಗಿಸಿದರೆ ಸುಮಾರು ೪೪೫ ಕಿಲೋ. ಇದೇ ಹಸುವನ್ನು ನಾವು ೩೦೦ ಕಿಲೋ ಎಂದು ಹೇಳಿದರೆ ಮದ್ದು ಮೂರರಲ್ಲಿ ಎರಡು ಪಾಲಷ್ಟೇ ಬೀಳುತ್ತದೆ. ಈ ಅಳತೆಯನ್ನು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ಹೇಳಿರಿ.

ಹೆಚ್ಚು ಮದ್ದು ಹಾಕಿದರೆ ಒಳ್ಳೆಯದೆಂದು ಇದರ ಅರ್ಥವಲ್ಲ. ಕಾಲುಬಾಯಿ ಜ್ವರದಂಥ ವೈರಸ್ ರೋಗವನ್ನು ಈ ಮದ್ದು ಮುಟ್ಟುವುದಿಲ್ಲ. ಅಲ್ಪ ಬಾವಿಗೆ ಒಮ್ಮೊಮ್ಮೆ ಮದ್ದೇ ಬೇಡವೆಂದು ವೈದ್ಯರು ಹೇಳಬಹುದು. ಆಗ ಹಟ ಹಿಡಿಯಬೇಡಿರಿ. ಬೇಕಾದಾಗ, ಬೇಕಾದ ಮದ್ದು, ಬೇಕಾದಷ್ಟು, ಹೇಳಿದಷ್ಟು ದಿನ: ಇವೇ ನಾಲ್ಕು ಮಾತು. ಪೊಟ್ಟಣದ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದು. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ, ದನಗಳಿಗೆ ಬಳಸುವುದನ್ನು ಭಾರತ ಸರ್ಕಾರ ೨೦೧೯ರಲ್ಲಿ ನಿಷೇಧಿಸಿದೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಬಾವು ಹೊರಕ್ಕೆ ಕಾಣುವ ಮೊದಲೇ ಒಳಗೆ ಸೇರಿರುತ್ತದೆ. ಅದನ್ನು ಹೀಗೆ ಕಂಡುಕೊಳ್ಳಿರಿ. ೧೦೦ ಮಿಲಿಲೀಟರು ನೀರಿಗೆ ೩ ಗ್ರಾಂ ಬಟ್ಟೆ ಒಗೆಯುವ ಸೋಪಿನ ಪುಡಿ ಕರಗಿಸಿರಿ. ನಾಲ್ಕು ಬಟ್ಟಲುಗಳಲ್ಲಿ ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಎರಡೆರಡು ಚಮಚ ಹಿಡಿದು, ಅಷ್ಟೇ ಸೋಪಿನ ನೀರು ಹಾಕಿ, ಮೆಲ್ಲಗೆ ತಿರುಗಿಸಿರಿ. ಹಾಲು ನೀರಾಗಿಯೇ ಇದ್ದರೆ ಚಿಂತೆಯಿಲ್ಲ. ದಾಸವಾಳದ ಎಲೆಯ ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ರೋಗವಿದೆ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿರಿ.

ಈ ಲೋಳೆ ಏಕೆ ಬರುತ್ತದೆ ಗೊತ್ತೆ? ರೋಗದ ಮೊಲೆಗೆ ಬಿಳಿಯ ರಕ್ತಕಣಗಳು ಧಾವಿಸಿರುತ್ತವೆ. ಸೋಪು ಅವನ್ನು ಒಡೆದಾಗ ಒಳಗಿನ ಡಿ.ಎನ್.ಎ. ನೂಲು ಹೊರಬಂದು ಹಾಲನ್ನು ಅಂಟಾಗಿಸುತ್ತದೆ. ಸತ್ತ ಕ್ರಿಮಿಯ ನೂಲು ಗೂಡನ್ನು ಬಿಗಿಯುತ್ತದೆ ಎಂದೆನಲ್ಲ, ಆ ನೂಲಿನ ಅಂಟನ್ನು ನೀವು ಈ ಬಟ್ಟಲಿನಲ್ಲಿ ಕಣ್ಣಾರೆ ನೋಡಬಹುದು.

ಬಾವು ಎರಡನೆಯ ಸಲ ಬಂದರೆ, ಮದ್ದು ಹಾಕುವ ಮುಂಚೆಯೇ ಹಾಲಿನ ಮಾದರಿ ತೆಗೆಯಲು ವೈದ್ಯರನ್ನು ಕೇಳಿಕೊಳ್ಳಿರಿ. ಯಾವ ಕ್ರಿಮಿ, ಯಾವ ಮದ್ದಿಗೆ ಸಾಯುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ನೋಡಬಹುದು. ೧೯೫೮ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರದ ಹೆಬ್ಬಾಳದಲ್ಲಿಯೇ ಇದೆ. ಬೇರೆ ಜಿಲ್ಲೆಯ ಎಷ್ಟೋ ರೈತರಿಗೆ ಇಲ್ಲದ ಅನುಕೂಲ ಇದು.

ಗೂಡು ಕಟ್ಟದಂತೆ ನೋಡಿಕೊಳ್ಳುವುದು

ಕಟ್ಟಿದ ಗೂಡನ್ನು ಕೆಡವುವುದಕ್ಕಿಂತ ಕಟ್ಟಗೊಡದಿರುವುದು ಸುಲಭ. ಖರ್ಚೂ ಹೆಚ್ಚಿಲ್ಲ.

೧. ಕರೆಯುವ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ. ಮೊಲೆತೊಟ್ಟನ್ನು ತೊಳೆದು, ಒಂದೊಂದು ಹಸುವಿಗೆ ಒಂದೊಂದು ಒಣಬಟ್ಟೆಯಿಂದ ಒರಸಿರಿ. ಒಂದೇ ಬಟ್ಟೆ ಎಲ್ಲ ಹಸುವಿಗಾದರೆ ಅದೇ ರೋಗವನ್ನು ಹಂಚುತ್ತದೆ.

೨. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿರಿ. ಚೂರು ಇದ್ದರೆ ಕಾಣುತ್ತದೆ. ನೆಲಕ್ಕೆ ಹಿಂಡಬೇಡಿರಿ.

೩. ಬಾವಿನ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಿರಿ.

೪. ಕರೆದ ಮೇಲೆ ಮೊಲೆತೊಟ್ಟನ್ನು ವೈದ್ಯರು ಹೇಳುವ ಅಯೋಡಿನ್ ದ್ರಾವಣದಲ್ಲಿ ಅದ್ದಿರಿ. ಕೂಡಲೆ ಹಸುವಿನ ಮುಂದೆ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿರಿ. ಕರೆದ ನಂತರ ತೊಟ್ಟಿನ ಬಾಯಿ ಮುಚ್ಚಲು ಅಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಸಗಣಿಯ ಮೇಲೆ ಮಲಗಿದರೆ ಕ್ರಿಮಿಗೆ ಬಾಗಿಲು ತೆರೆದಿಟ್ಟಂತೆ.

೫. ಹಾಲಿನ ಕ್ಯಾನು, ನೀರಿನ ತೊಟ್ಟಿ, ಹಾಲು ಕರೆಯುವ ಯಂತ್ರದ ಕೊಳವೆಗಳಿಗೆ ಬ್ಲೀಚಿಂಗ್ ನೀರು ಸುರಿದರೆ ಸಾಲದು. ಲೋಳೆಯ ಮೇಲೆ ಸುರಿದ ಮದ್ದು ಮೇಲ್ಪದರದಲ್ಲೇ ಸೋತುಹೋಗುತ್ತದೆ. ಮೊದಲು ಬಿಸಿನೀರು, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಬೇಕು. ಮದ್ದಿನ ನೀರು ಆಮೇಲೆ. ಕೊನೆಗೆ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಬೇಕು.

೬. ಹಾಲು ಬತ್ತಿಸುವ ಕಾಲದಲ್ಲಿ ವೈದ್ಯರನ್ನು ಒಮ್ಮೆ ಕರೆಸಿರಿ. ಹಳೆಯ ಬಾವಿನ ಹಸುವಿಗೆ ಮದ್ದು ಮಾಡಲು ಅದು ಒಳ್ಳೆಯ ಸಮಯ.

ಹಾಲು ಚೆಲ್ಲುವ ಸಂಕಟ

ಮದ್ದಿನ ದಿನಗಳ ಹಾಲು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪೆನಿಸಿಲಿನ್ ಬೆರೆತ ಹಾಲಿಗೆ ಹೆಪ್ಪು ಹಾಕಿ ನೋಡಿರಿ, ಮೊಸರು ಸರಿಯಾಗಿ ಆಗುವುದಿಲ್ಲ. ಹೆಪ್ಪಿನ ಒಳ್ಳೆಯ ಕ್ರಿಮಿಯನ್ನೂ ಅದು ಕೊಲ್ಲುತ್ತದೆ. ಒಂದು ಕ್ಯಾನಿನಿಂದ ಸೊಸೈಟಿಯ ಹಾಲೆಲ್ಲ ಕೆಡಬಹುದು. ಆ ಹಾಲು ಜಯನಗರದ ಮಗುವಿಗೂ ಹೋಗುತ್ತದೆ, ನಮ್ಮ ಬೀದಿಯ ಮಗುವಿಗೂ ಹೋಗುತ್ತದೆ. ಹಾಲಿನಲ್ಲಿ ಮದ್ದಿನ ಶೇಷಕ್ಕೆ ಮಿತಿಯನ್ನು ಕಾನೂನು ಗೊತ್ತುಮಾಡಿದೆ. ವೈದ್ಯರು ಹೇಳಿದ ದಿನಗಳು ಕಳೆಯುವವರೆಗೆ ಹಾಲನ್ನು ಬಾವಿ, ಕೆರೆಗಳಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿರಿ. ಮದ್ದು ಹಾಕಿದ ದಿನ, ನಿಲ್ಲಿಸಿದ ದಿನ, ಹಾಲು ಹಾಕಬಹುದಾದ ದಿನ, ಈ ಮೂರನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯಿರಿ. ನಮ್ಮವ್ವನಿಗೆ ಓದು ಬಾರದು. ಆದ್ದರಿಂದ ನಮ್ಮ ಗೋಡೆಯಲ್ಲಿ ದಿನಕ್ಕೊಂದು ಗೆರೆ ಹಾಕುತ್ತೇವೆ. ಐದು ಗೆರೆಯಾಗುವವರೆಗೆ ಈಗ ಅವಳೇ ಬಿಡುವುದಿಲ್ಲ.

ಸಾಲ, ಬೆಂಕಿ, ಹಗೆ, ಈ ಮೂರರಲ್ಲಿ ಶೇಷ ಉಳಿಸಬಾರದೆಂದು ಹಿರಿಯರು ಹೇಳುತ್ತಾರೆ. ನಾಲ್ಕನೆಯದಾಗಿ ರೋಗವನ್ನೂ ಸೇರಿಸಿಕೊಳ್ಳಿರಿ.

ಮುಂದಿನ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

೧. ಹಾಲು ಬೆಳ್ಳಗಾದ ಮೇಲೂ ಮದ್ದನ್ನು ಏಕೆ ಮುಂದುವರಿಸಬೇಕು?

೨. ನಿಮ್ಮ ಹಸುವಿನ ಸುತ್ತಳತೆ, ಉದ್ದ ಎಷ್ಟು? ತೂಕ ಎಷ್ಟಾಯಿತು?

೩. ನಿಮ್ಮ ಮನೆಯಲ್ಲಿ ಉಳಿದ ಮದ್ದು ಇದೆಯೇ? ಇದ್ದರೆ ಬಳಸದೆ ಪಶು ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಿ ತೋರಿಸಿರಿ.

ಸೋಪಿನ ಪರೀಕ್ಷೆಯನ್ನು ಮಾಡಿ ತೋರಿಸಬೇಕೆಂದು ಬಯಸುವವರು ಹೇಳಿಕಳುಹಿಸಿರಿ. ಬೆಳಗಿನ ಹಾಲು ಕರೆಯುವ ಹೊತ್ತಿಗೆ ನಿಮ್ಮ ಕೊಟ್ಟಿಗೆಗೇ ಬರುತ್ತೇನೆ.

ನಿಮ್ಮ ಗ್ರಾಮಸೇವಕ